ಅಪ್ಪಯ್ಯನ ಮಳೆ ಪುಸ್ತಕಕ್ಕೊಂದು ವೆಬ್ ಸರ್ವರ್: ಮನೆ ಲ್ಯಾಪ್‌ಟಾಪಿಂದ ಬಾಡಿಗೆ ಮೆಷಿನ್ ತನಕ

ನಮ್ಮನೆ ಇರೋದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರಿಯಲ್ಲಿ. ಅಂಗಳದ ತುದಿಗೆ ಅಪ್ಪಯ್ಯ ಒಂದು ಮಳೆ ಅಳೆಯೋ ಡಬ್ಬ ಇಟ್ಟಿದಾರೆ, ದಿನಾ ಬೆಳಿಗ್ಗೆ ಎಂಟೂವರೆಗೆ ಅದರ ನೀರು ಅಳತೆ ಗ್ಲಾಸಿಗೆ ಬಗ್ಗಿಸಿ ಎಷ್ಟು ಇಂಚು ಎಷ್ಟು ಸೆಂಟು ಅಂತ ಪುಸ್ತಕದಲ್ಲಿ ಬರೀತಾರೆ, ಹವಾಮಾನ ಇಲಾಖೆಯವರೂ 8.30ಕ್ಕೇ ಅಳೆಯೋದು ಅನ್ನೋದು ಅವರಿಗೊಂದು ಹೆಮ್ಮೆ. ಪುನರ್ವಸು ಮಳೆ ಹಿಡೀತು ಅಂದ್ರೆ ಒಂಬತ್ತು ಗಂಟೆಗೆ ಫೋನು ಶುರು, ಬೆಂಗಳೂರಲ್ಲಿರೋ ಅತ್ತೆಯಿಂದ ಹಿಡಿದು ಹೊಸನಗರದ ಮಾವನ ತನಕ ಎಲ್ರದ್ದೂ ಒಂದೇ ಪ್ರಶ್ನೆ, ನಿಮ್ಮಲ್ಲಿ ಎಷ್ಟು? ಇದನ್ನ ಒಂದು ವೆಬ್ ಪೇಜಲ್ಲಿ ಹಾಕಿಬಿಟ್ರೆ ಎಲ್ಲರೂ ಅಲ್ಲೇ ನೋಡ್ಕೊಳ್ತಾರಲ್ಲ ಅಂತ ನಾನು ಹೊರಟಿದ್ದು. ಆಮೇಲೆ ಶಿವಮೊಗ್ಗದಲ್ಲಿ ಓದ್ತಿರೋ ಚಿಕ್ಕಪ್ಪನ ಮಗ ಅಣ್ಣ ನಂಗೂ ಹೇಳ್ಕೊಡು ಅಂದ, ಎರಡು ಭಾನುವಾರ ಫೋನಲ್ಲೇ ಹೇಳ್ಕೊಟ್ಟೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ. ಕಮಾಂಡ್‌ಗಳನ್ನೂ ಫೋನಲ್ಲಿ ಹೇಳಿದ ಹಂಗೇ ಕನ್ನಡದಲ್ಲೇ ಬರ್ದಿದೀನಿ, ನೀವು ಟೈಪ್ ಮಾಡೋವಾಗ ಇಂಗ್ಲಿಷ್ ಅಕ್ಷರ, ಹೆಚ್ಚುಕಮ್ಮಿ ಎಲ್ಲಾ ಸ್ಮಾಲ್ ಲೆಟರ್. ಪೈಥಾನ್ ಚೂರುಪಾರು ಗೊತ್ತಿದ್ರೆ ಸಾಕು, ಫೈಲ್ ಓದೋದು, ಫಂಕ್ಷನ್ ಬರೆಯೋದು ಅಷ್ಟು.

ಸರ್ವರ್ ಅಂದ ಕೂಡ್ಲೇ ಎಸಿ ರೂಮು, ಮಿಣಮಿಣ ಲೈಟು ಅಂತ ತಲೆಗೆ ಬರ್ತದೆ. ಅಂತದ್ದೇನೂ ಇಲ್ಲ. ಅದೊಂದು ಪ್ರೋಗ್ರಾಮು, ಒಂದು ನಂಬರಿನ ಬಾಗಿಲಲ್ಲಿ ಸುಮ್ನೆ ಕೂತಿರ್ತದೆ, ಯಾರಾದ್ರೂ ಬಂದು ಕೇಳಿದ್ರೆ ಉತ್ತರ ಕೊಡ್ತದೆ, ಮತ್ತೆ ಕೂರ್ತದೆ. ಆ ನಂಬರಿಗೆ ಪೋರ್ಟ್ ಅಂತಾರೆ. 1990ರ ಕೊನೆಗೆ ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಸರ್ನ್ ಅನ್ನೋ ಭೌತಶಾಸ್ತ್ರ ಸಂಸ್ಥೆಯಲ್ಲಿ ಮೊದಲ ವೆಬ್ ಸರ್ವರ್ ಓಡಿಸಿದ್ದು ಅವರ ಟೇಬಲ್ ಮೇಲಿದ್ದ ನೆಕ್ಸ್ಟ್ ಕಂಪ್ಯೂಟರಲ್ಲೇ, ಅದರ ಮೇಲೆ ಕೆಂಪು ಇಂಕಲ್ಲಿ ಇದು ಸರ್ವರ್, ಆಫ್ ಮಾಡಬೇಡಿ ಅಂತ ಚೀಟಿ ಅಂಟಿಸಿದ್ರು. ನಾನೂ ನಮ್ಮ ಹಳೇ ಲ್ಯಾಪ್‌ಟಾಪಿಗೆ ಹಂಗೇ ಚೀಟಿ ಅಂಟಿಸಿದ್ದೆ, ಅಮ್ಮ ಕಸ ಗುಡಿಸೋವಾಗ ಪ್ಲಗ್ ಕಿತ್ತು ಮಿಕ್ಸಿ ಹಾಕಿದ್ರು.

ಮೊದಲು ಮನೆಯೊಳಗೇ ಮಾಡಿ. ದುಡ್ಡು ಕೊಟ್ಟು ಕ್ಲೌಡ್ ಬಾಡಿಗೆಗೆ ತಗೊಂಡು ಅಲ್ಲಿ ಕಲಿಯೋಕೆ ಹೊರಟ್ರೆ ತಪ್ಪಾಗಿದ್ದು ಪ್ರೋಗ್ರಾಮಲ್ಲೋ, ಫೈರ್‌ವಾಲಲ್ಲೋ (ಯಾವ ಪೋರ್ಟಿಗೆ ಬರ್ಬಹುದು ಬರಬಾರದು ಅಂತ ನೋಡೋ ಕಾವಲುಗಾರ), ಡೊಮೇನಲ್ಲೋ (ವೆಬ್‌ಸೈಟಿನ ಹೆಸರು) ಅಂತ ಗೊತ್ತೇ ಆಗಲ್ಲ, ಎಲ್ಲಾ ಒಟ್ಟಿಗೆ ಗಂಟಾಗಿ ಬಿಡ್ತದೆ. ಒಂದು ಹೊಸ ಫೋಲ್ಡರ್ ಮಾಡಿ, ಹೆಸರು ಮಳೆ ಅಂತ ಇಟ್ಕೊಳ್ಳಿ. ಅದರೊಳಗೆ ಇಂಡೆಕ್ಸ್.ಎಚ್‌ಟಿಎಂಎಲ್ ಅಂತ ಒಂದು ಫೈಲು, ಅದರಲ್ಲಿ ಇವತ್ತು ಮಳೆ 2 ಇಂಚು 40 ಸೆಂಟು ಅಂತ ಬರೆದು ಸೇವ್ ಮಾಡಿ. ಟರ್ಮಿನಲ್ ತೆಗೆದು ಆ ಫೋಲ್ಡರಿನೊಳಗೆ ಹೋಗಿ ಹೀಗೆ ಹೊಡೀರಿ:

ಪೈಥಾನ್3 -ಎಂ ಎಚ್‌ಟಿಟಿಪಿ.ಸರ್ವರ್ 1819

ವಿಂಡೋಸಲ್ಲಿ ಪೈಥಾನ್3 ಬದ್ಲು ಬರೀ ಪೈಥಾನ್ ಅನ್ನಬೇಕಾಗಬಹುದು. 1819 ಅನ್ನೋದು ಲಿಂಗನಮಕ್ಕಿ ಡ್ಯಾಮಿನ ಪೂರ್ಣ ಮಟ್ಟ, ಅಡಿಯಲ್ಲಿ. ನಂಗೆ ನೆನಪಿರ್ಲಿ ಅಂತ ಅದನ್ನ ಹಾಕಿದ್ದು, ನೀವು ನಂಬರ್ ಕೊಡದಿದ್ರೆ ಅದೇ 8000 ತಗೊಳ್ತದೆ. ಪೋರ್ಟ್ 65535ರ ತನಕ ಯಾವುದಾದ್ರೂ ಆಗ್ಬಹುದು, ಆದ್ರೆ ಲಿನಕ್ಸಲ್ಲಿ 1024ಕ್ಕಿಂತ ಕೆಳಗಿನದ್ದಕ್ಕೆ ರೂಟ್ ಅಧಿಕಾರ, ಅಂದ್ರೆ ಮೆಷಿನ್ನಿನ ಯಜಮಾನನ ಅಧಿಕಾರ ಬೇಕು, 80 ಅಂತ ಕೊಟ್ರೆ ಪರ್ಮಿಷನ್ ಡಿನೈಡ್ ಅಂತ ಬೈತದೆ. ಈಗ ಬ್ರೌಸರಲ್ಲಿ ಲೋಕಲ್‌ಹೋಸ್ಟ್:1819 ಅಂತ ಹೊಡೆದ್ರೆ ಪುಟ ಬರ್ತದೆ. ಆಯ್ತು, ಸರ್ವರ್ ಇಷ್ಟೇ. ನಿಲ್ಲಿಸೋಕೆ ಕಂಟ್ರೋಲ್ ಸಿ.

ಒಂದು ಎಚ್ಚರಿಕೆ. ಹೊಸ ಫೋಲ್ಡರ್ ಮಾಡಿ ಅಂದಿದ್ದು ಸುಮ್ನೆ ಅಲ್ಲ. ಈ ಕಮಾಂಡು ನೀವು ಎಲ್ಲಿ ನಿಂತು ಹೊಡೀತೀರೋ ಆ ಫೋಲ್ಡರಿನ ಪೂರ್ತಿ ಜಾತಕ ಬಿಚ್ಚಿಡ್ತದೆ. ನಾನು ಮೊದಲ ಸಲ ಡೌನ್‌ಲೋಡ್ಸ್ ಫೋಲ್ಡರಲ್ಲಿ ನಿಂತು ಹೊಡೆದಿದ್ದೆ, ರಜೆಗೆ ಬಂದಿದ್ದ ತಮ್ಮ ಫೋನಲ್ಲಿ ನೋಡಿ ಅಣ್ಣ ನಿನ್ನ ಆಧಾರ್ ಕಾರ್ಡು, ಸಂಬಳದ ಚೀಟಿ ಎಲ್ಲಾ ಕಾಣ್ತಿದೆ ಅಂದ.

ಫೋನಲ್ಲಿ ನೋಡೋದು ಹೆಂಗೆ ಅಂದ್ರೆ, ಲ್ಯಾಪ್‌ಟಾಪು ಫೋನು ಎರಡೂ ಒಂದೇ ವೈಫೈಯಲ್ಲಿರ್ಬೇಕು. ಲ್ಯಾಪ್‌ಟಾಪಿನ ಮನೆಯೊಳಗಿನ ಅಡ್ರೆಸ್ ಹುಡ್ಕಬೇಕು, ಲಿನಕ್ಸಲ್ಲಿ ಐಪಿ ಎ, ವಿಂಡೋಸಲ್ಲಿ ಐಪಿಕಾನ್ಫಿಗ್ ಅಂತ ಹೊಡೆದ್ರೆ 192.168 ಅಂತ ಶುರುವಾಗೋದೊಂದು ಸಾಮಾನ್ಯವಾಗಿ ಸಿಕ್ತದೆ. ಫೋನಿನ ಬ್ರೌಸರಲ್ಲಿ ಆ ಅಡ್ರೆಸ್ಸು, ಕೋಲನ್ನು, 1819. ಬರಲಿಲ್ವಾ? ವಿಂಡೋಸ್ ಆದ್ರೆ ಫೈರ್‌ವಾಲ್ ಒಂದು ಡಬ್ಬಿ ತೋರಿಸಿ ಅನುಮತಿ ಕೇಳಿರ್ತದೆ, ನೀವು ಓದದೆ ಕ್ಯಾನ್ಸಲ್ ಒತ್ತಿರ್ತೀರಿ. ಇಲ್ಲಾಂದ್ರೆ ಫೋನು ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಹಾರಿರ್ತದೆ, ನಮ್ಮನೆ ದಪ್ಪ ಮಣ್ಣಿನ ಗೋಡೆ ದಾಟಿ ಹಿತ್ತಲಿಗೆ ಹೋದ್ರೆ ಯಾವಾಗ್ಲೂ ಅದೇ ಕತೆ.

ಈಗ ಸ್ವಂತ ಪ್ರೋಗ್ರಾಮು. ಮಳೆ.ಪಿವೈ ಅಂತ ಫೈಲ್ ಮಾಡಿ. ಎಚ್‌ಟಿಟಿಪಿ.ಸರ್ವರ್ ಅನ್ನೋ ಮಾಡ್ಯೂಲಿಂದ ಬೇಸ್‌ಎಚ್‌ಟಿಟಿಪಿರಿಕ್ವೆಸ್ಟ್‌ಹ್ಯಾಂಡ್ಲರ್ ಮತ್ತೆ ಥ್ರೆಡಿಂಗ್‌ಎಚ್‌ಟಿಟಿಪಿಸರ್ವರ್ ಎರಡನ್ನ ಇಂಪೋರ್ಟ್ ಮಾಡಿ, ಇವೆರಡರಲ್ಲಿ ಕ್ಯಾಪಿಟಲ್ ಅಕ್ಷರ ಇದೆ, ಎಡಿಟರ್ ತೋರಿಸಿದ ಹಂಗೆ ತಗೊಳ್ಳಿ. ಬರೀ ಎಚ್‌ಟಿಟಿಪಿಸರ್ವರ್ ಒಬ್ಬರಾದ ಮೇಲೆ ಒಬ್ಬರಿಗೆ ಉತ್ತರ ಕೊಡ್ತದೆ, ಥ್ರೆಡಿಂಗ್ ಇರೋದು ನಾಲ್ಕು ಜನ ಒಟ್ಟಿಗೆ ಬಂದ್ರೂ ಸುಧಾರಿಸ್ತದೆ. ಮೊದಲನೆಯದನ್ನ ಆಧಾರ ಮಾಡ್ಕೊಂಡು ಒಂದು ಕ್ಲಾಸ್ ಬರೀರಿ, ಅದರೊಳಗೆ ಡು_ಗೆಟ್ ಅನ್ನೋ ಫಂಕ್ಷನ್, ಇಲ್ಲಿ ಗೆಟ್ ಮಾತ್ರ ಕ್ಯಾಪಿಟಲಲ್ಲಿ. ಯಾರಾದ್ರೂ ಪುಟ ಕೇಳಿದಾಗಲೆಲ್ಲ ಪೈಥಾನ್ ಈ ಫಂಕ್ಷನ್ನ ಕರೀತದೆ.

ಅದರೊಳಗಿನ ಕ್ರಮ ಹೀಗೆ. ಮೊದಲು ಸೆಲ್ಫ್.ಸೆಂಡ್_ರೆಸ್ಪಾನ್ಸ್(200), ಅಂದ್ರೆ ಸರಿ ಇದೆ, ಉತ್ತರ ತಗೋ ಅಂತ. 404 ನೀನು ಕೇಳಿದ್ದು ಇಲ್ಲಿಲ್ಲ, 500 ಅಂದ್ರೆ ನನ್ನೊಳಗೇ ಎಂತದೋ ಕೆಟ್ಟಿದೆ. ಆಮೇಲೆ ಸೆಲ್ಫ್.ಸೆಂಡ್_ಹೆಡರ್ ಅಂತ ಬರೆದು (ಹೆಡರ್ ಅಂದ್ರೆ ಪುಟಕ್ಕಿಂತ ಮುಂಚೆ ಹೋಗೋ ವಿವರದ ಸಾಲು) ಕಂಟೆಂಟ್-ಟೈಪ್ ಕೊಡ್ಬೇಕು, ಟೆಕ್ಸ್ಟ್/ಎಚ್‌ಟಿಎಂಎಲ್; ಚಾರ್‌ಸೆಟ್=ಯುಟಿಎಫ್-8 ಅಂತ. ಯುಟಿಎಫ್-8 ಅಂದ್ರೆ ಅಕ್ಷರಗಳನ್ನ ಬೈಟುಗಳಾಗಿ ಬರೆಯೋ ಒಂದು ಪದ್ಧತಿ. ಈ ಚಾರ್‌ಸೆಟ್ ಬಾಲ ಬಿಟ್ರಿ ಅಂತಿಟ್ಕೊಳ್ಳಿ, ಬ್ರೌಸರ್ ತನಗೆ ತೋಚಿದ ಲಿಪಿ ಅಂತ ಓದಿ ಕನ್ನಡದ ಜಾಗದಲ್ಲಿ ಟೋಪಿ ಹಾಕಿದ ಎ ಸಾಲುಸಾಲಾಗಿ ಬರಬಹುದು. ಆಮೇಲೆ ಕಂಟೆಂಟ್-ಲೆಂತ್, ಅಂದ್ರೆ ಕಳಿಸ್ತಿರೋ ಮಾಲು ಎಷ್ಟು ಅಂತ. ಕೊನೆಗೆ ಸೆಲ್ಫ್.ಎಂಡ್_ಹೆಡರ್ಸ್(), ಅದಾದ ಮೇಲೆ ಸೆಲ್ಫ್.ಡಬ್ಲ್ಯೂಫೈಲ್.ರೈಟ್ ಅಂತ ನಿಜವಾದ ಪುಟ. ಎಂಡ್_ಹೆಡರ್ಸ್ ಮಾಡೋ ಮುಖ್ಯ ಕೆಲಸ ಹೆಡರ್ ಮುಗೀತು ಅಂತ ಒಂದು ಖಾಲಿ ಸಾಲು ಸೇರ್ಸೋದು, ಅದನ್ನ ಮರೆತ್ರೆ ಹೆಡರೆಲ್ಲಿ ಮುಗೀತು ಪುಟ ಎಲ್ಲಿ ಶುರು ಅಂತ ಬ್ರೌಸರಿಗೆ ತಿಳಿಯಲ್ಲ.

ಕಂಟೆಂಟ್-ಲೆಂತ್ ಹತ್ರ ಸ್ವಲ್ಪ ನಿಲ್ಲಣ, ಇಲ್ಲಿ ನಾನು ಒಂದಿಡೀ ಸಂಜೆ ಕಳೆದಿದೀನಿ. ಮೊದಲು ಟೆಸ್ಟಿಗೆ ಅಂತ ಇಂಗ್ಲಿಷಲ್ಲಿ ರೇನ್ ಅಂತ ನಾಲ್ಕಕ್ಷರ ಕಳಿಸಿದೆ, ಚೆನ್ನಾಗಿ ಬಂತು. ಅದನ್ನ ಅಳಿಸಿ ಮಳೆ ಅಂತ ಬರೆದೆ, ಬ್ರೌಸರಲ್ಲಿ ಬಂದಿದ್ದು ಬರೀ "ಮ". ರಿಫ್ರೆಶ್ ಮಾಡಿದೆ, ಮ. ಫೋನಲ್ಲಿ ನೋಡಿದೆ, ಮ. ಫಾಂಟ್ ಸರಿ ಇಲ್ಲ ಅಂತ ಫಾಂಟ್ ಹುಡ್ಕಿದ್ದಾಯ್ತು, ಕೀಬೋರ್ಡ್ ಬದಲಿಸಿದ್ದಾಯ್ತು. ವಿಷಯ ಎಂತ ಅಂದ್ರೆ, ಮಳೆ ಅಂದ್ರೆ ನಮ್ಮ ಕಣ್ಣಿಗೆ ಎರಡಕ್ಷರ. ಪೈಥಾನಿಗೆ ಅದು ಮೂರು, ಮ, ಳ, ಮತ್ತೆ ಎತ್ವ. ತಂತಿ ಮೇಲೆ ಹೋಗೋವಾಗ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದಕ್ಕೂ ಮೂರು ಬೈಟು, ಅಲ್ಲಿಗೆ ಒಂಬತ್ತು. ನಾನು ಸ್ಟ್ರಿಂಗಿನ ಲೆನ್ ತೆಗೆದು ಕಂಟೆಂಟ್-ಲೆಂತ್ 3 ಅಂತ ಹೇಳಿದ್ದೆ, ಬ್ರೌಸರ್ ಪಾಪ ನಾನು ಹೇಳಿದ್ದನ್ನ ನಂಬಿ ಮೂರು ಬೈಟ್ ಓದಿ ಅಲ್ಲಿಗೇ ನಿಲ್ಲಿಸ್ತು, ಆ ಮೂರು ಬೈಟಿಗೆ ಸರಿಯಾಗಿ ಒಂದು ಮ. ಇಂಗ್ಲಿಷಲ್ಲಿ ಅಕ್ಷರಕ್ಕೊಂದೇ ಬೈಟ್ ಆಗಿರೋದ್ರಿಂದ ಈ ತಪ್ಪು ಅಡಗಿ ಕೂತಿರ್ತದೆ, ಕನ್ನಡ ಬರೆಯೋರಿಗೆ ಮಾತ್ರ ಕಚ್ಚೋದು. ಹಂಗಾಗಿ ಮೊದಲು ಇಡೀ ಪುಟವನ್ನ .ಎನ್‌ಕೋಡ್("ಯುಟಿಎಫ್-8") ಮಾಡಿ ಡೇಟಾ ಅನ್ನೋ ವೇರಿಯಬಲಿಗೆ ಹಾಕ್ಕೊಳ್ಳಿ, ಆ ಡೇಟಾದ ಲೆನ್ ಕೊಡಿ, ರೈಟ್ ಮಾಡೋದೂ ಅದನ್ನೇ.

ಇನ್ನೊಂದು ತಮಾಷೆ. ಎಷ್ಟು ಜನ ನೋಡಿದ್ರು ಅಂತ ಎಣಿಸೋಕೆ ಡು_ಗೆಟ್ ಒಳಗೆ ಒಂದು ಕೌಂಟರ್ ಇಟ್ಟೆ. ನಾನೊಬ್ನೇ ಒಂದು ಸಲ ನೋಡಿದ್ರೆ ಎರಡು ತೋರಿಸ್ತಿತ್ತು. ಟರ್ಮಿನಲಲ್ಲಿ ಬೀಳೋ ಲಾಗ್ ನೋಡಿದ್ರೆ ಬ್ರೌಸರ್ ಪುಟ ಕೇಳಿದ ಮೇಲೆ ತಾನಾಗೇ ಫೇವಿಕಾನ್.ಐಸಿಓ ಅಂತ ಇನ್ನೊಂದು ಕೇಳ್ತಿದೆ, ಮೇಲೆ ಟ್ಯಾಬಲ್ಲಿ ಕಾಣೋ ಪುಟ್ಟ ಚಿತ್ರಕ್ಕೆ. ಹಂಗಾಗಿ ಸೆಲ್ಫ್.ಪಾತ್ ನೋಡಿ, ಅದು ಬರೀ ಒಂದು ಸ್ಲ್ಯಾಶ್ ಆಗಿದ್ರೆ ಮಾತ್ರ ಮಳೆ ಪುಟ ಕೊಡಿ, ಬೇರೆ ಎಂತ ಕೇಳಿದ್ರೂ 404. ಲಾಗ್ ಓದೋ ಅಭ್ಯಾಸ ಇವತ್ತೇ ಮಾಡ್ಕೊಳ್ಳಿ, ನೂರು ಯೂಟ್ಯೂಬ್ ವಿಡಿಯೋಕ್ಕಿಂತ ಅದು ಜಾಸ್ತಿ ಕಲಿಸ್ತದೆ.

ಮಳೆ ಲೆಕ್ಕ ಎಲ್ಲಿಡೋದು? ಡೇಟಾಬೇಸ್ ಬೇಡ ಮಾರಾಯ್ರೆ. ಒಂದು ಸಿಎಸ್‌ವಿ ಫೈಲು, ಸಾಲಿಗೊಂದು ದಿನ, ತಾರೀಕು ಕಾಮಾ ಇಂಚು ಕಾಮಾ ಸೆಂಟು. ಡು_ಗೆಟ್ ಒಳಗೇ ಆ ಫೈಲ್ ಓಪನ್ ಮಾಡಿ ಓದಿ, ಆಗ ಫೈಲಿಗೆ ಹೊಸ ಸಾಲು ಸೇರಿಸಿದ್ರೆ ಸರ್ವರ್ ನಿಲ್ಲಿಸಿ ಶುರು ಮಾಡೋ ರಗಳೆ ಇಲ್ಲ. ನೂರು ಸೆಂಟಿಗೆ ಒಂದು ಇಂಚು, ಇಂಚಿಗೆ 25.4 ಮಿಲಿಮೀಟರು, 2 ಇಂಚು 40 ಸೆಂಟು ಅಂದ್ರೆ ಸುಮಾರು 61 ಮಿಮೀ. ಅತ್ತೆಗೆ ಮಿಮೀ ಬೇಕು, ಅಪ್ಪಯ್ಯಂಗೆ ಇಂಚೇ ಆಗ್ಬೇಕು, ಎರಡನ್ನೂ ತೋರಿಸಿ ಜಗಳ ಮುಗಿಸಿದೆ. ಫೈಲಿನ ಕೊನೆಗೆ ಸರ್ವರ್ ಶುರು ಮಾಡೋ ಸಾಲು, ಅದಕ್ಕೆ ಅಡ್ರೆಸ್ಸು ಪೋರ್ಟು ಎರಡು ಕೊಡ್ಬೇಕು. ಅಡ್ರೆಸ್ ಜಾಗದಲ್ಲಿ 127.0.0.1 ಕೊಟ್ರೆ ಆ ಮೆಷಿನ್ನಿನೊಳಗಿಂದ ಮಾತ್ರ ತೆರೀತದೆ, 0.0.0.0 ಕೊಟ್ರೆ ಹೊರಗಿನವರಿಗೂ. ಮನೆ ಫೋನಲ್ಲಿ ನೋಡೋಕೆ ಎರಡನೆಯದು. ಸರ್ವ್_ಫಾರೆವರ್ ಅಂತ ಕರೆದ್ರೆ ಕೂತ್ಕೊಳ್ತದೆ.

ಇಲ್ಲಿಗೆ ಬಂದ ಮೇಲೆ ಎಲ್ರೂ ಕೇಳೋದು, ಮನೆ ಲ್ಯಾಪ್‌ಟಾಪನ್ನೇ ಇಂಟರ್ನೆಟ್ಟಿಗೆ ಬಿಟ್ರೆ ಆಗಲ್ವಾ? ನಮ್ಮೂರಲ್ಲಿ ಆಗೋದು ಕಷ್ಟ. ಕರೆಂಟಿನ ಕತೆ ಬಿಡಿ, ಗುಡುಗು ಶುರುವಾದ ಕೂಡ್ಲೇ ರೌಟರಿನ ವೈರು ಕಿತ್ತಿಡೋರು ನಾವು. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ನಮ್ಮ ಕಡೆ ಮನೆ ಇರೋದು ತೋಟದೊಳಗೆ, ಕೊರಿಯರ್‌ನವರು ಅಲ್ಲಿ ತನಕ ಬರಲ್ಲ, ಪಾರ್ಸೆಲ್ ಎಲ್ಲಾ ಪೇಟೆಯ ಯಾವುದೋ ಅಂಗಡಿ ಅಡ್ರೆಸ್ಸಿಗೆ. ನಾನು ಆರ್ಡರ್ ಮಾಡಿ ಅಂಗಡಿಯವರಿಗೆ ಹೇಳಿಟ್ಟಿದ್ರೆ ತೆಗೆದಿಡ್ತಾರೆ, ಹೇಳದೆ ಕೇಳದೆ ಬಂದ ಪಾರ್ಸೆಲ್ ಯಾರದ್ದು ಅಂತ ಗೊತ್ತಾಗದೆ ವಾಪಸ್ ಹೋಗ್ತದೆ. ಇಂಟರ್ನೆಟ್ ಕಂಪನಿಗಳೂ ಸುಮಾರು ಕಡೆ ಹೀಗೇ ಮಾಡೋದು, ಹತ್ತಾರು ಮನೆಗೆ ಸೇರಿ ಹೊರಗೆ ಒಂದೇ ಅಡ್ರೆಸ್ಸು. ಇದಕ್ಕೆ ಸಿಜಿನ್ಯಾಟ್ ಅಂತಾರೆ. ನೀವು ಹೊರಗೆ ಕೇಳಿದ್ದಕ್ಕೆ ಉತ್ತರ ಬರ್ತದೆ, ಹೊರಗಿನವರು ತಾವಾಗೇ ನಿಮ್ಮನೆ ಬಾಗಿಲು ಬಡಿಯೋಕೆ ಆಗಲ್ಲ. ರೌಟರಿನ ಸೆಟ್ಟಿಂಗಲ್ಲಿ ವ್ಯಾನ್ ಅಡ್ರೆಸ್, ಅಂದ್ರೆ ಕಂಪನಿ ಕಡೆಯಿಂದ ಅದಕ್ಕೆ ಸಿಕ್ಕ ಅಡ್ರೆಸ್ ನೋಡಿ, 100.64ರಿಂದ 100.127ರ ಒಳಗೆ ಶುರುವಾಗಿದ್ರೆ ನೀವೂ ಅಂಗಡಿ ಅಡ್ರೆಸ್ಸಿನವರೇ.

ಹಂಗಾಗಿ ಬಾಡಿಗೆ ಮೆಷಿನ್, ವಿಪಿಎಸ್ ಅಂತಾರೆ. ಇನ್ನೊಂದು ಮಾತನ್ನೂ ಹೇಳ್ಬೇಕು, ದಿನಕ್ಕೊಂದು ಸಲ ಬದಲಾಗೋ ಪುಟಕ್ಕೆ ನಿಜವಾಗ್ಲೂ ಇಷ್ಟೆಲ್ಲ ಬೇಡ, ಗಿಟ್‌ಹಬ್ ಪೇಜಸಲ್ಲಿ ಫ್ರೀಯಾಗಿ ಹಾಕಬಹುದು. ಆದ್ರೆ ನಾವು ಕಲಿಯೋಕೆ ಬಂದವರು. ತೀರಾ ಚಿಕ್ಕ ಮೆಷಿನ್ ಸಾಕು, ಜಾಗ ಕೇಳಿದಾಗ ಬೆಂಗಳೂರೋ ಮುಂಬೈಯೋ ಆರಿಸಿ, ಓಎಸ್ ಉಬುಂಟು 24.04. ಆ ಮೆಷಿನ್ನಿಗೆ ಮನೆಯಿಂದ ಲಾಗಿನ್ ಆಗೋ ದಾರಿಗೆ ಎಸ್‌ಎಸ್‌ಎಚ್ ಅಂತಾರೆ. ಪಾಸ್‌ವರ್ಡ್ ಬೇಡ, ಎಸ್‌ಎಸ್‌ಎಚ್ ಕೀ ಮಾಡ್ಕೊಳ್ಳಿ, ಎಸ್‌ಎಸ್‌ಎಚ್-ಕೀಜೆನ್ ಅಂತ ಹೊಡೆದ್ರೆ ಎರಡು ಫೈಲ್ ಆಗ್ತದೆ, ಕೊನೆಗೆ .ಪಬ್ ಅಂತ ಇರೋದನ್ನ ಮಾತ್ರ ಅವರಿಗೆ ಕೊಡೋದು, ಇನ್ನೊಂದನ್ನ ಯಾರಿಗೂ ಕೊಡ್ಬೇಡಿ. ಒಳಗೆ ಹೋದ ಮೇಲೆ ಆಡ್‌ಯೂಸರ್ ಅಂತ ಒಬ್ಬ ಸಾದಾ ಯೂಸರ್ ಮಾಡ್ಕೊಳ್ಳಿ, ಎಲ್ಲಾ ರೂಟಲ್ಲೇ ಓಡಿಸೋದು ಬೇಡ. ಫೈಲುಗಳನ್ನ ಎಸ್‌ಸಿಪಿ ಕಮಾಂಡಲ್ಲಿ ಕಳಿಸಿ.

ಫೈರ್‌ವಾಲ್ ಹಾಕೋ ಕ್ರಮ ಮಾತ್ರ ದಯವಿಟ್ಟು ನಿಧಾನಕ್ಕೆ ಓದಿ. ಉಬುಂಟುವಲ್ಲಿ ಅದರ ಕಮಾಂಡು ಯುಎಫ್‌ಡಬ್ಲ್ಯೂ, ಮುಂದಿರೋ ಸುಡೋ ಅಂದ್ರೆ ರೂಟ್ ಅಧಿಕಾರದಲ್ಲಿ ಮಾಡು ಅಂತ. ಮೊದಲು

ಸುಡೋ ಯುಎಫ್‌ಡಬ್ಲ್ಯೂ ಅಲೋ 22
ಸುಡೋ ಯುಎಫ್‌ಡಬ್ಲ್ಯೂ ಅಲೋ 80
ಸುಡೋ ಯುಎಫ್‌ಡಬ್ಲ್ಯೂ ಅಲೋ 443

ಆಮೇಲೆ ಸುಡೋ ಯುಎಫ್‌ಡಬ್ಲ್ಯೂ ಎನೇಬಲ್. ನಾನು 80, 443 ಹಾಕಿ ಎನೇಬಲ್ ಹೊಡೆದು, 22 ಮರೆತು, ಮಾರನೇ ದಿನ ಲಾಗಿನ್ ಆಗೋಕೆ ಹೋದ್ರೆ ಆಗ್ತಿಲ್ಲ. 80, 443 ವೆಬ್ ಪುಟ ಕೇಳೋರ ಬಾಗಿಲು, 22 ಅನ್ನೋದು ಎಸ್‌ಎಸ್‌ಎಚ್ ಬರೋ ಬಾಗಿಲು, ಕೀಲಿಯನ್ನ ಒಳಗೇ ಬಿಟ್ಟು ಬಾಗಿಲು ಎಳ್ಕೊಂಡು ಬಂದಂಗಾಯ್ತು. ಬಾಡಿಗೆ ಕೊಟ್ಟವರ ವೆಬ್‌ಸೈಟಲ್ಲಿ ಕನ್ಸೋಲ್ ಅಂತ ಹಿಂಬಾಗಿಲು ಇರ್ತದೆ, ಅದರಲ್ಲಿ ಹೋಗಿ ಸರಿ ಮಾಡಿದೆ. ಗಾಬರಿಯಲ್ಲಿ ಮೆಷಿನ್ ಅಳಿಸಬೇಡಿ, ಮೊದಲು ಆ ಕನ್ಸೋಲ್ ಹುಡುಕಿ.

ಈಗ ಅಲ್ಲಿ ಪೈಥಾನ್3 ಮಳೆ.ಪಿವೈ ಅಂತ ಓಡಿಸಿ, ಓಡ್ತದೆ. ಟರ್ಮಿನಲ್ ಮುಚ್ಚಿ, ಸಾಯ್ತದೆ. ಎಸ್‌ಎಸ್‌ಎಚ್ ಹೋದ್ರೆ ಅದರ ಜೊತೆ ಶುರು ಮಾಡಿದ್ದೂ ಹೋಗ್ತದೆ. ಅದಕ್ಕೆ ಸಿಸ್ಟಮ್‌ಡಿಗೆ, ಅಂದ್ರೆ ಲಿನಕ್ಸಲ್ಲಿ ಪ್ರೋಗ್ರಾಮುಗಳನ್ನ ಶುರು ಮಾಡಿ ನೋಡ್ಕೊಳ್ಳೋ ಮೇಸ್ತ್ರಿಗೆ ಜವಾಬ್ದಾರಿ ಕೊಡ್ಬೇಕು. /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್ ಫೋಲ್ಡರಲ್ಲಿ ಮಳೆ.ಸರ್ವಿಸ್ ಅಂತ ಫೈಲ್ ಮಾಡಿ, ಸರ್ವಿಸ್ ಭಾಗದಲ್ಲಿ ಎಕ್ಸೆಕ್‌ಸ್ಟಾರ್ಟ್ ಎದುರಿಗೆ ಪೈಥಾನಿನ ಮತ್ತೆ ನಿಮ್ಮ ಫೈಲಿನ ಪೂರ್ತಿ ದಾರಿ, ಯೂಸರ್ ಎದುರಿಗೆ ಆ ಸಾದಾ ಯೂಸರಿನ ಹೆಸರು, ರೀಸ್ಟಾರ್ಟ್=ಆಲ್ವೇಸ್. ಇನ್‌ಸ್ಟಾಲ್ ಭಾಗದಲ್ಲಿ ವಾಂಟೆಡ್‌ಬೈ=ಮಲ್ಟಿ-ಯೂಸರ್.ಟಾರ್ಗೆಟ್. ಇಲ್ಲಿ ಭಾಗದ ಹೆಸರು, ಸಮ ಚಿಹ್ನೆಯ ಎಡಗಡೆ ಇರೋ ಪದಗಳ ಮೊದಲಕ್ಷರ ಕ್ಯಾಪಿಟಲ್, ಎಕ್ಸೆಕ್‌ನ ಇ, ಸ್ಟಾರ್ಟ್‌ನ ಎಸ್ ಎರಡೂ. ಪ್ರೋಗ್ರಾಮೊಳಗೆ ಸಿಎಸ್‌ವಿ ಫೈಲಿಗೂ ಪೂರ್ತಿ ದಾರಿ ಕೊಡಿ, ಸಿಸ್ಟಮ್‌ಡಿ ನಿಮ್ಮ ಫೋಲ್ಡರಲ್ಲಿ ನಿಂತು ಓಡಿಸಲ್ಲ, ಫೈಲ್ ಸಿಗಲಿಲ್ಲ ಅಂತ ಎರರ್ ಕೊಡ್ತದೆ. ಆಮೇಲೆ ಸುಡೋ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್, ಸುಡೋ ಸಿಸ್ಟಮ್‌ಸಿಟಿಎಲ್ ಎನೇಬಲ್ --ನೌ ಮಳೆ. ಪ್ರೋಗ್ರಾಮ್ ಬಿದ್ರೂ ಎತ್ತಿ ನಿಲ್ಲಿಸ್ತದೆ, ಮೆಷಿನ್ ರೀಬೂಟ್ ಆದ್ರೂ ಶುರು ಮಾಡ್ತದೆ. ಲಾಗ್ ನೋಡೋಕೆ ಜರ್ನಲ್‌ಸಿಟಿಎಲ್ -ಯು ಮಳೆ -ಎಫ್.

ಪೈಥಾನಿನ ಈ ಸರ್ವರನ್ನ ನೇರ ಊರಿಗೆ ಬಿಡಬೇಡಿ ಅಂತ ಪೈಥಾನ್‌ನವರೇ ಅವರ ಡಾಕ್ಯುಮೆಂಟಲ್ಲಿ ಬರ್ದಿದಾರೆ, ಭದ್ರತೆ ಅದರಲ್ಲಿ ತೀರಾ ಪ್ರಾಥಮಿಕ ಮಟ್ಟದ್ದು. ಆದ್ದರಿಂದ ಮುಂದೆ ಎಂಜಿನ್‌ಎಕ್ಸನ್ನ ಕೂರಿಸ್ತೀವಿ, ಇಗೊರ್ ಸಿಸೋಯೆವ್ 2004ರಲ್ಲಿ ಹೊರಗೆ ಬಿಟ್ಟ ವೆಬ್ ಸರ್ವರ್, ಟೈಪ್ ಮಾಡೋವಾಗ ಎನ್, ಜಿ, ಐ, ಎನ್, ಎಕ್ಸ್. ಅದು ಜಗಲಿಯಲ್ಲಿ ಕೂತು ಬಂದವರನ್ನ ಮಾತಾಡಿಸ್ತದೆ, ನಮ್ಮ ಪ್ರೋಗ್ರಾಮು ಒಳಗೆ ಅಡುಗೆಮನೆಯಲ್ಲಿ. ಸುಡೋ ಎಪಿಟಿ ಇನ್‌ಸ್ಟಾಲ್ ಎಂಜಿನ್‌ಎಕ್ಸ್ ಅಂತ ಹಾಕ್ಕೊಳ್ಳಿ, ಕಾನ್ಫಿಗ್ ಫೈಲಲ್ಲಿ ಸರ್ವರ್_ನೇಮ್ ಎದುರಿಗೆ ನಿಮ್ಮ ಡೊಮೇನು, ಲೊಕೇಶನ್ / ಒಳಗೆ ಪ್ರಾಕ್ಸಿ_ಪಾಸ್ ಎಚ್‌ಟಿಟಿಪಿ://127.0.0.1:1819; ಅಂತ. ಸಾಲಿನ ಕೊನೆಯ ಸೆಮಿಕೋಲನ್ ಮರೀಬೇಡಿ. ಎಂಜಿನ್‌ಎಕ್ಸ್ -ಟಿ ಅಂತ ಹೊಡೆದು ತಪ್ಪಿಲ್ಲ ಅಂತ ನೋಡ್ಕೊಂಡೇ ರೀಲೋಡ್ ಮಾಡಿ. ಈಗ ಪ್ರೋಗ್ರಾಮಿನ 0.0.0.0 ತೆಗೆದು 127.0.0.1 ಮಾಡಿ, ಅಡುಗೆಮನೆಗೆ ಹೊರಗಿನ ಬಾಗಿಲು ಬೇಡ. ಮಾಡಿದ ಮೇಲೆ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಮಳೆ, ಇಲ್ಲಾಂದ್ರೆ ಹಳೇದೇ ಓಡ್ತಿರ್ತದೆ. 502 ಅಂತ ಬಂದ್ರೆ ಜಗಲಿಯವರು ಇದಾರೆ, ಒಳಗೆ ಯಾರೂ ಇಲ್ಲ ಅಂತರ್ಥ, ಮಳೆ ಸರ್ವಿಸ್ ಬಿದ್ದಿದೆಯಾ ನೋಡಿ.

ಡೊಮೇನ್ ಕೊಂಡ ಜಾಗದಲ್ಲಿ ಎ ರೆಕಾರ್ಡ್ ಅಂತ ಇರ್ತದೆ, ಈ ಹೆಸರು ಯಾವ ಅಡ್ರೆಸ್ಸಿಗೆ ಹೋಗ್ಬೇಕು ಅಂತ ಹೇಳೋದು, ಅಲ್ಲಿ ವಿಪಿಎಸ್‌ನ ಐಪಿ ಅಡ್ರೆಸ್ ಹಾಕಿ. ಕೂಡ್ಲೇ ಬರಲಿಲ್ಲ ಅಂತ ಬದಲಾಯಿಸ್ತಾ ಕೂರಬೇಡಿ, ಚಾ ಕುಡ್ಕೊಂಡು ಬನ್ನಿ. ಬಂದ ಮೇಲೆ ಎಚ್‌ಟಿಟಿಪಿಎಸ್‌ಗೆ, ಅಂದ್ರೆ ನಡುವಿನವರು ಓದೋಕಾಗದ ಹಂಗೆ ಪುಟ ಕಳಿಸೋಕೆ, ಸರ್ಟ್‌ಬಾಟ್ ಅನ್ನೋ ಪ್ರೋಗ್ರಾಮ್ ಹಾಕ್ಕೊಂಡು ಹೀಗೆ ಹೊಡೀರಿ: ಸುಡೋ ಸರ್ಟ್‌ಬಾಟ್ --ಎಂಜಿನ್‌ಎಕ್ಸ್ -ಡಿ ನಿಮ್ಮ ಡೊಮೇನು. ಲೆಟ್ಸ್ ಎನ್‌ಕ್ರಿಪ್ಟ್‌ನವರ ಸರ್ಟಿಫಿಕೇಟ್ ಪುಕ್ಕಟೆ, ಆದ್ರೆ ಹೆಚ್ಚಂದ್ರೆ 90 ದಿನ, ಸರ್ಟ್‌ಬಾಟ್ ತಾನೇ ರಿನ್ಯೂ ಮಾಡ್ತದೆ. ಎಚ್‌ಟಿಟಿಪಿಎಸ್ ಬಂತಲ್ಲ ಅಂತ 80 ಮುಚ್ಚಬೇಡಿ, ಈ ರೀತಿ ತಗೊಂಡ ಸರ್ಟಿಫಿಕೇಟಿನ ರಿನ್ಯೂವಲಿಗೆ ಅದೇ ಬಾಗಿಲು ಬೇಕು.

ನಮ್ಮ ಪುಟ ಮೇಲೆ ಬಂದ ದಿನ ಅತ್ತೆ ನೋಡೋ ಮುಂಚೇನೇ ಯಾರ್ಯಾರೋ ನೋಡಿದ್ರು. ಲಾಗಲ್ಲಿ ಡಬ್ಲ್ಯೂಪಿ-ಲಾಗಿನ್.ಪಿಎಚ್‌ಪಿ ಕೊಡು, .ಎನ್ವ್ ಕೊಡು ಅಂತ ಸಾಲುಸಾಲು. ಇವೆಲ್ಲ ಬಾಟ್‌ಗಳು, ಅಂದ್ರೆ ತಾವಾಗೇ ಓಡೋ ಪ್ರೋಗ್ರಾಮುಗಳು, ಊರಿನ ಎಲ್ಲಾ ಬಾಗಿಲನ್ನೂ ತಳ್ಳಿ ನೋಡ್ತಾ ಹೋಗ್ತವೆ, ನಿಮ್ಮ ಮೇಲೆ ವಿಶೇಷ ಸಿಟ್ಟೇನಿಲ್ಲ. ನಾವು ಆಗಲೇ 404 ಕೊಡೋ ಹಂಗೆ ಬರ್ದಿದ್ದು ಇಲ್ಲಿ ಉಪಯೋಗಕ್ಕೆ ಬಂತು. ವಾರಕ್ಕೊಂದು ಸಲ ಎಪಿಟಿ ಅಪ್‌ಡೇಟ್, ಅಪ್‌ಗ್ರೇಡ್ ಮಾಡ್ತಾ ಇರಿ.

ಎರಡು ದಿನ ಆದ ಮೇಲೆ ಅಪ್ಪಯ್ಯನ ದೂರು. ಬೆಳಿಗ್ಗೆ ಐದಕ್ಕೆ ಎದ್ದು ಫೋನ್ ನೋಡಿದ್ರೆ ಮೇಲೆ ನಿನ್ನೆ ತಾರೀಕು ಇದೆ, ಎಂಟು ಗಂಟೆಗೆ ನೋಡಿದ್ರೆ ಸರಿ ಇದೆ, ನಿನ್ನ ಸರ್ವರ್ ಐದೂವರೆ ಮೇಲೆ ಏಳೋದಾ ಅಂತ. ನಂಗೆ ಮೊದ್ಲು ನಂಬಿಕೆ ಬರಲಿಲ್ಲ, ನಾನು ಏಳೋದೇ ಏಳೂವರೆಗೆ. ಆದ್ರೆ ಅವರು ಹೇಳಿದ್ದು ಅಕ್ಷರಶಃ ಸರಿ, ವಿಪಿಎಸ್ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಅನ್ನೋ ಜಾಗತಿಕ ಸಮಯದಲ್ಲಿರ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ, ಹಂಗಾಗಿ ನಮ್ಮ ಐದೂವರೆ ತನಕ ಅದಕ್ಕಿನ್ನೂ ನಿನ್ನೆಯೇ. ಸುಡೋ ಟೈಮ್‌ಡೇಟ್‌ಸಿಟಿಎಲ್ ಸೆಟ್-ಟೈಮ್‌ಝೋನ್ ಏಷ್ಯಾ/ಕೋಲ್ಕತಾ, ಆಮೇಲೆ ಮಳೆ ಸರ್ವಿಸ್ ರೀಸ್ಟಾರ್ಟ್. ಏಷ್ಯಾದ ಎ, ಕೋಲ್ಕತಾದ ಕೆ ಕ್ಯಾಪಿಟಲ್.

ಚಿಕ್ಕಪ್ಪನ ಮಗ ಪರೀಕ್ಷೆ ಬಂತು ಅಂತ ಅವನ ಮೆಷಿನ್ ಆಫ್ ಮಾಡಿಟ್ಟಿದ್ದ, ತಿಂಗಳ ಕೊನೆಗೆ ಬಿಲ್ ಪೂರ್ತಿ ಬಂದಿದೆ ಅಂತ ಫೋನ್ ಮಾಡಿದ. ಸುಮಾರು ಕಡೆ ಆಫ್ ಮಾಡಿದ್ರೂ ಬಾಡಿಗೆ ಓಡ್ತದೆ, ಮನೆಗೆ ಬೀಗ ಹಾಕ್ಕೊಂಡು ಊರಿಗೆ ಹೋದ್ರೆ ಬಾಡಿಗೆ ತಪ್ತದಾ? ಬೇಡ ಅಂದ್ರೆ ಪೂರ್ತಿ ಡಿಲೀಟ್ ಮಾಡ್ಬೇಕು, ಮಾಡೋ ಮುಂಚೆ ಸಿಎಸ್‌ವಿ ಫೈಲನ್ನ ಎಸ್‌ಸಿಪಿಯಲ್ಲಿ ಮನೆಗೆ ತಂದಿಟ್ಕೊಳ್ಳಿ. ನಮ್ಮನೇಲಂತೂ ಬ್ಯಾಕಪ್ಪಿಗೆ ಅಪ್ಪಯ್ಯನ ಪುಸ್ತಕ ಇದೆ, ಅವರು ಬರೆಯೋದನ್ನ ನಿಲ್ಸಿಲ್ಲ. ಫೋನೂ ನಿಂತಿಲ್ಲ, ಈಗ ಅತ್ತೆ ಪುಟ ನೋಡ್ಕೊಂಡೇ ಫೋನ್ ಮಾಡ್ತಾರೆ, ನಾಲ್ಕೂವರೆ ಇಂಚಂತೆ, ಹೌದಾ?